ಸೈಟ್ ಕೆಲಸ ಬಿಟ್ಟು ಇನ್‌ಫ್ರಾಸ್ಟ್ರಕ್ಚರ್ ಎಂಟೆಕ್‌ಗೆ ಹೋಗೋದಾ, ಬೇಡವಾ?

ದಾವಣಗೆರೆ ಹುಡುಗ: ಸಿವಿಲ್ ಬಿಇ ಮುಗಿಸಿ ಎರಡು ವರ್ಷದಿಂದ ಹೆದ್ದಾರಿ ಸೈಟಿನಲ್ಲಿದ್ದೇನೆ. ಕೆಲಸ ಕಲಿತಿದ್ದೇನೆ, ಸಂಬಳ ಮಾತ್ರ ನಿಂತಲ್ಲೇ ನಿಂತಿದೆ. ಈ ಸಲ ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಸ್ಕೋರ್ ಪರವಾಗಿಲ್ಲ, ಇನ್‌ಫ್ರಾಸ್ಟ್ರಕ್ಚರ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್ ಎಂಟೆಕ್ ಸೀಟು ಸಿಗುವ ಹಾಗಿದೆ. ಮನೆಯಲ್ಲಿ "ಇರೋ ಕೆಲಸ ಯಾಕೆ ಬಿಡ್ತೀಯಾ" ಅಂತಾರೆ. ಭಾನುವಾರದೊಳಗೆ ಹೇಳಬೇಕು. ಹೋಗಲಾ?

ಕಂಬಿ ಕಾಂಕ್ರೀಟ್: ಬೇಡ. ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್‌ನಲ್ಲಿ ಎರಡು ವರ್ಷ ಕೂತು ಪ್ರೈಮವೆರಾ ಅನ್ನೋ ಪ್ಲಾನಿಂಗ್ ಸಾಫ್ಟ್‌ವೇರ್‌ನಲ್ಲಿ ಬಾರ್ ಚಾರ್ಟ್ ಎಳೆಯೋದನ್ನು ಕಲಿಯೋಕೆ ಕಾಲೇಜು ಬೇಕಾ? ಕೆಪಿಎಸ್‌ಸಿ ಎಇ (ಸಹಾಯಕ ಎಂಜಿನಿಯರ್) ಪರೀಕ್ಷೆಗೆ ಬಿಇ ಸಾಕು. ಹೆದ್ದಾರಿ ಪ್ರಾಧಿಕಾರ ಎನ್‌ಎಚ್‌ಎಐ ಕೂಡ ಬಿಇ ಆದವರನ್ನೇ ಗೇಟ್ ಸ್ಕೋರ್ ನೋಡಿ ಡೆಪ್ಯುಟಿ ಮ್ಯಾನೇಜರ್ ಹುದ್ದೆಗೆ ತಗೊಂಡಿದೆ. ಓದಲೇಬೇಕು ಅಂದ್ರೆ ಸ್ಟ್ರಕ್ಚರ್ಸ್ ಓದು, ಜಿಯೋಟೆಕ್ (ಮಣ್ಣು, ಬಂಡೆಯ ಎಂಜಿನಿಯರಿಂಗ್) ಓದು. ಮ್ಯಾನೇಜ್‌ಮೆಂಟ್ ಎಲ್ಲ ಸುಮ್ನೆ ಪಿಪಿಟಿ.

ಸುರತ್ಕಲ್ ಹಳಬ: "ಸುಮ್ನೆ ಪಿಪಿಟಿ" ಅಂದ್ರಾ? ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ನೋಡಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ಕಂಬ ಎದ್ದಿತ್ತು, ಹಳಿ ಬಿದ್ದಿತ್ತು, ಓಡಿಸೋಕೆ ರೈಲೇ ಇರಲಿಲ್ಲ! 216 ಬೋಗಿಗಳ ಗುತ್ತಿಗೆ ಚೀನಾ ಕಂಪನಿಗೆ ಹೋಗಿದ್ದು 2019ರಲ್ಲಿ. ಮೊದಲ ರೈಲು ಬಂದಿದ್ದು 2024ರ ಫೆಬ್ರವರಿಯಲ್ಲಿ. ಮಾರ್ಗ ತೆರೆದಿದ್ದು 2025ರ ಆಗಸ್ಟ್ 10ಕ್ಕೆ. ಯಾವ ಸ್ಟ್ರಕ್ಚರ್ಸ್ ಪುಸ್ತಕದಲ್ಲಿದೆ ಇದಕ್ಕೆ ಉತ್ತರ? ಖರೀದಿ, ಗುತ್ತಿಗೆ ಷರತ್ತು, ರಿಸ್ಕ್ ಯಾರ ತಲೆಗೆ ಅನ್ನೋದು, ಇವನ್ನೇ ಅಲ್ಲಿ ಹೇಳಿಕೊಡೋದು.

ಡಾಂಬರು ದಾಸ: "ರೈಲೇ ಇರಲಿಲ್ಲ" ಅಂತ ಬರೆದು ಕಾರಣ ನುಂಗಿಬಿಟ್ಟಿರಿ. 2020ರ ಏಪ್ರಿಲ್‌ನಲ್ಲಿ ಗಡಿ ದೇಶಗಳಿಂದ ಬರುವ ಹೂಡಿಕೆಗೆ ಕೇಂದ್ರದ ಅನುಮತಿ ಕಡ್ಡಾಯ ಆಯಿತು. ಜೂನ್‌ನಲ್ಲಿ ಗಲ್ವಾನ್ ಗಡಿ ಘರ್ಷಣೆ. ಆಮೇಲೆ ಚೀನಾ ಎಂಜಿನಿಯರುಗಳ ವೀಸಾ ಪಂಚಾಯ್ತಿ. ಕಂಪನಿ ಇಲ್ಲಿ ಕಾರ್ಖಾನೆ ಹಾಕಬೇಕಿತ್ತು, ಆಗಲಿಲ್ಲ. ಕೊನೆಗೆ ಕೋಲ್ಕತ್ತಾದ ಟಿಟಾಗಢ ಕಂಪನಿಯ ಕೈ ಹಿಡಿಯಬೇಕಾಯಿತು. ಗಲ್ವಾನ್ ಆಗುತ್ತೆ ಅಂತ ಯಾವ ಎಂಟೆಕ್ ಹುಡುಗ 2019ರಲ್ಲೇ ರಿಸ್ಕ್ ರಿಜಿಸ್ಟರ್‌ನಲ್ಲಿ ಬರೆದಿಡುತ್ತಿದ್ದ ಸ್ವಾಮಿ?

ಸುರತ್ಕಲ್ ಹಳಬ: ಗಲ್ವಾನ್ ಬರೆಯಬೇಕಿಲ್ಲ. "ಕಾರ್ಖಾನೆ ಹಾಕಬೇಕಿತ್ತು, ಆಗಲಿಲ್ಲ" ಅಂತ ನೀವೇ ಬರೆದಿರಿ. ಆಗದಿದ್ದರೆ ಮುಂದೇನು ಅಂತ ಮೊದಲೇ ಯೋಚಿಸೋದೇ ಈ ಕೆಲಸ. ಒಬ್ಬನೇ ಸರಬರಾಜುದಾರ, ಎರಡನೇ ದಾರಿ ಇಲ್ಲ.

ಬಿಲ್ಲಿಂಗ್ ಭಟ್ಟ: ಮೆಟ್ರೋ ಬಿಡ್ರಪ್ಪ, ಹುಡುಗ ರಸ್ತೆಯವನು. ನಾನು ಗುತ್ತಿಗೆದಾರರ ಕಡೆ ಬಿಲ್ಲಿಂಗ್ ನೋಡುತ್ತೇನೆ. ಒಂದು ಸೈಟಿನಲ್ಲಿ ಹೈಟೆನ್ಷನ್ ಕಂಬ ತೆಗೆಯದೆ ಮಳೆಗಾಲ ಪೂರ್ತಿ ಕೆಲಸ ನಿಂತಿತ್ತು. ನಮ್ಮ ಹುಡುಗ ಕೆಲಸಕ್ಕೆ ಬಂದ ಅಡ್ಡಿ ದಾಖಲಿಸುವ ಹಿಂಡ್ರೆನ್ಸ್ ರಿಜಿಸ್ಟರ್‌ನಲ್ಲಿ ದಿನಾ ಬರೆದಿದ್ದ, ಮುದ್ದಾದ ಅಕ್ಷರ, ರಸ್ತೆಯ ಯಾವ ಜಾಗ ಅನ್ನೋ ಚೈನೇಜ್ ಸಮೇತ. ಆದರೆ ಬಲಗಡೆ ಕಾಲಂನಲ್ಲಿ ಕೆಲಸ ತಪಾಸಣೆ ಮಾಡುವ ಇಂಡಿಪೆಂಡೆಂಟ್ ಎಂಜಿನಿಯರ್ ಸಹಿ ಇಲ್ಲ, ಗಡುವಿನೊಳಗೆ ನೋಟಿಸ್ ಪತ್ರವೂ ಹೋಗಿಲ್ಲ. ಸಮಯ ವಿಸ್ತರಣೆ ಕೇಳಲು ಹೋದಾಗ ಆ ಪುಸ್ತಕ ರದ್ದಿಗೆ ಸಮ. ಹ್ಯಾಮ್ (ಹೈಬ್ರಿಡ್ ಆನ್ಯುಟಿ ಮಾದರಿ) ರಸ್ತೆಯಲ್ಲಿ ಸರ್ಕಾರ ಕಟ್ಟುವಾಗ ಕೊಡೋದು ವೆಚ್ಚದ 40%, ಉಳಿದ 60% ವರ್ಷಗಟ್ಟಲೆ ಕಂತಿನಲ್ಲಿ. ಅಲ್ಲಿವರೆಗೆ ಸಾಲ ಮಾಡಿ ಹಾಕಬೇಕು, ತಡವಾದಷ್ಟೂ ಬಡ್ಡಿ ತಿಂದು ಹಾಕುತ್ತೆ. ಇದನ್ನು ಕಲಿತವನಿಗೆ ಬೆಲೆ ಇದೆ. ಕಾಲೇಜು ಕಲಿಸುತ್ತಾ ಅನ್ನೋದು ಕಾಲೇಜಿನ ಮೇಲೆ ಹೋಗುತ್ತೆ. ಖರಗ್‌ಪುರ ಐಐಟಿಯಲ್ಲಿ ಇನ್‌ಫ್ರಾಸ್ಟ್ರಕ್ಚರ್‌ಗೆ ಅಂತಲೇ ಬೇರೆ ಸ್ಕೂಲ್ ಇದೆ, ಮದ್ರಾಸ್ ಐಐಟಿಯಲ್ಲೂ ಸುರತ್ಕಲ್ ಎನ್‌ಐಟಿಯಲ್ಲೂ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಇದೆ. ಅಂಥ ಕಡೆ ಆದರೆ ಹೋಗು. ಹಾಸ್ಟೆಲ್ ಚೆನ್ನಾಗಿದೆ ಅಂತ ಎಲ್ಲೋ ಸೇರಬೇಡ.

ಕಂಬಿ ಕಾಂಕ್ರೀಟ್: "ಕಾಲೇಜು ಕಲಿಸುತ್ತಾ" ಅಂತ ಭಟ್ಟರೇ ಕೇಳಿಬಿಟ್ಟರು. ನಾನೂ ಅದನ್ನೇ ಹೇಳಿದ್ದು. ಮುಗೀತಲ್ಲ.

ಬಿಲ್ಲಿಂಗ್ ಭಟ್ಟ: ಏನು ಮುಗೀತು? ಆ ಸಾಲು ಪೂರ್ತಿ ಓದಿ.

ಡಾಂಬರು ದಾಸ: "ಎರಡನೇ ದಾರಿ ಇಲ್ಲ" ಅನ್ನೋದು ಮನೆಯಲ್ಲಿ ಕೂತು ಹೇಳೋಕೆ ಚೆಂದ. ಸರ್ಕಾರಿ ಟೆಂಡರ್ ಇದು. ಕಡಿಮೆ ದರ ಹಾಕಿದವನನ್ನು ಬಿಟ್ಟು ಜಾಸ್ತಿ ದರದವನ ಹತ್ತಿರ ಅರ್ಧ ಬೋಗಿ ತಗೊಂಡಿದ್ದರೆ ಸಿಎಜಿ ಸುಮ್ನೆ ಬಿಡುತ್ತಿತ್ತಾ?

ದಾವಣಗೆರೆ ಹುಡುಗ: ಭಟ್ಟ ಸರ್, ನನಗೆ ಸಿಗೋದು ಹೊರ ರಾಜ್ಯದ ಎನ್‌ಐಟಿ. ಎರಡನೇ ವರ್ಷ ಬಹುತೇಕ ಪ್ರಾಜೆಕ್ಟ್. ಮುಗಿಸಿ ಬಂದರೆ ಈಗಿನ ಸೈಟ್ ಅನುಭವ ಲೆಕ್ಕಕ್ಕೆ ಹಿಡೀತಾರಾ, ಇಲ್ಲ ಫ್ರೆಶರ್ ಅಂತ ಕೂರಿಸ್ತಾರಾ?

ಮಲೆನಾಡು ಮಣ್ಣು: ಟೆಂಡರ್, ಸಿಎಜಿ ಅಂತ ಕಚ್ಚಾಡುತ್ತಾ ನೆಲವನ್ನೇ ಮರೆತಿರಿ. ಮೆಟ್ರೋ ಮೊದಲ ಹಂತದ 42 ಕಿ.ಮೀ. ಮುಗಿಯೋದು 2017ರ ಜೂನ್ ಆಯಿತು. ಯಾಕೆ? ಚಿಕ್ಕಪೇಟೆ ಹತ್ತಿರ ಗೋದಾವರಿ ಹೆಸರಿನ ಸುರಂಗ ಕೊರೆಯುವ ಯಂತ್ರದ ಕಟ್ಟರ್ ಹೆಡ್ ಕೆಟ್ಟು ಕೂತಿತು. ಬೆಂಗಳೂರಿನಲ್ಲಿ ಸುರಂಗದ ಒಂದೇ ಮುಖದಲ್ಲಿ ಅರ್ಧ ಗಟ್ಟಿ ಬಂಡೆ, ಅರ್ಧ ಮೆತ್ತನೆ ಮಣ್ಣು ಸಿಗುತ್ತೆ. ಅದಕ್ಕೆ ಬೇಕಿರೋದು ಜಿಯೋಟೆಕ್ ಓದಿದವರು.

ಸುರತ್ಕಲ್ ಹಳಬ: "ಯಾಕೆ?" ಅಂತ ಕೇಳಿದಿರಿ. ನೆಲ ಪರೀಕ್ಷೆಯ ಬೋರ್‌ಹೋಲ್ ಎಷ್ಟು ದೂರಕ್ಕೊಂದು ಹಾಕಬೇಕು, ಊಹಿಸದ ಬಂಡೆ ಸಿಕ್ಕರೆ ಖರ್ಚು ಯಾರದು ಅಂತ ಗುತ್ತಿಗೆಯಲ್ಲಿ ಬರೆಯೋದು ಯಾರು? ಮಾದರಿ ಗುತ್ತಿಗೆಗಳನ್ನು ತರುವ ಅಂತರರಾಷ್ಟ್ರೀಯ ಸಂಸ್ಥೆ ಫಿಡಿಕ್ ಇದಕ್ಕೆ ಅಂತಲೇ 2019ರಲ್ಲಿ ಎಮರಾಲ್ಡ್ ಬುಕ್ ತಂದಿದೆ. ನೆಲ ಹೀಗಿರುತ್ತೆ ಅಂತ ಮೊದಲೇ ಹೇಳುವ ಬೇಸ್‌ಲೈನ್ ವರದಿ ಇಟ್ಟುಕೊಂಡು ರಿಸ್ಕ್ ಹಂಚುವ ಮಾದರಿ ಗುತ್ತಿಗೆ ಅದು. ಓದಿ ನೋಡಿ.

ಮಲೆನಾಡು ಮಣ್ಣು: 2019! ಗೋದಾವರಿ ಅದಕ್ಕೆ ಎಷ್ಟೋ ಮೊದಲೇ ಕೆಟ್ಟಿತ್ತು. ಬರದ ಪುಸ್ತಕವನ್ನು ಅವರು ಹೇಗೆ ಓದುತ್ತಿದ್ದರು?

ಡಾಂಬರು ದಾಸ: 😂😂 ಹಳಬರಿಗೆ ಎಲ್ಲದಕ್ಕೂ ಕಾಗದ. ಒಂದು ದಿನವಾದರೂ ಬಿಸಿಲಲ್ಲಿ ನಿಂತು ಡಿಬಿಎಂ (ರಸ್ತೆಯ ಡಾಂಬರು ಪದರ) ಹಾಕಿಸಿದ್ದೀರಾ?

ಸುರತ್ಕಲ್ ಹಳಬ: ಬಿಸಿಲಲ್ಲಿ ನಿಂತರೆ ಬುದ್ಧಿ ಬರೋದಾದರೆ ಕಡೂರಿನ ತೆಂಗಿನಮರಗಳೆಲ್ಲ ಚೀಫ್ ಎಂಜಿನಿಯರ್ ಆಗಬೇಕಿತ್ತು. ಕಡಿಮೆ ದರ ಅಂದಿರಲ್ಲ, ಕಡೆಗೆ ಸಿಕ್ಕಿದ್ದೇನು? ಮಾರ್ಗ ತೆರೆದ ದಿನ ಬರೀ ಮೂರು ರೈಲು, 25 ನಿಮಿಷಕ್ಕೊಂದು. ಸಿಲ್ಕ್ ಬೋರ್ಡ್ ಜನ ವರ್ಷಗಟ್ಟಲೆ ಕಾದಿದ್ದು ಇದಕ್ಕಾ?

ಡಾಂಬರು ದಾಸ: ತೆಂಗಿನಮರ ಅಂತ ಯಾರಿಗೆ ಹೇಳ್ತಿದ್ದೀರಿ? ನೆಟ್ಟಗೆ ಮಾತಾಡಿ. ಸಿಲ್ಕ್ ಬೋರ್ಡ್ ಜನರಲ್ಲಿ ನಾನೂ ಒಬ್ಬ, ನೀವು ನಮ್ಮ ವಕೀಲಿಕೆ ಮಾಡಬೇಕಿಲ್ಲ.

ಬಿಲ್ಲಿಂಗ್ ಭಟ್ಟ: ಹುಡುಗಾ, ಟೆಂಡರ್ ಮತ್ತು ಕ್ಲೇಮ್ಸ್ (ಹೆಚ್ಚುವರಿ ಹಣ, ಸಮಯ ಕೇಳುವ) ವಿಭಾಗಗಳಲ್ಲಿ ಸೈಟ್ ಅನುಭವಕ್ಕೆ ತೂಕ ಇದೆ. ಕ್ಯಾಂಪಸ್‌ನಲ್ಲಿ ಮಾತ್ರ ಕೆಲವರು ಎಲ್ಲರಿಗೂ ಒಂದೇ ಸಂಬಳ ಹೇಳುತ್ತಾರೆ. ಹಿಂದಿನ ಬ್ಯಾಚಿನವರಿಗೇ ಫೋನ್ ಮಾಡಿ ಕೇಳು, ಇಲ್ಲಿ ಕಾಯಬೇಡ.

ಕಂಬಿ ಕಾಂಕ್ರೀಟ್: "ಎಲ್ಲರಿಗೂ ಒಂದೇ ಸಂಬಳ." ಇದನ್ನೂ ನೋಟ್ ಮಾಡ್ಕೊಳ್ಳಪ್ಪ.

ಸುರತ್ಕಲ್ ಹಳಬ: ದಾಸರೇ, ಒಂದು ಕೇಳುತ್ತೇನೆ. ಮೆಟ್ರೋದವರು ಆ ಚೀನಾ ಕಂಪನಿಗೆ ಬ್ಯಾಂಕ್ ಗ್ಯಾರಂಟಿ ಮುಟ್ಟುಗೋಲು ಹಾಕುತ್ತೇವೆ ಅಂತ ನೋಟಿಸ್ ಕೊಟ್ಟರಲ್ಲ, ಅದು ಯಾವುದರ ಬಲದಿಂದ?

ಡಾಂಬರು ದಾಸ: ಗುತ್ತಿಗೆಯ ಬಲದಿಂದ. ಅಂದ್ರೆ ಗುತ್ತಿಗೆ ಸರಿಯಾಗೇ ಇತ್ತು ಅಂತಾಯ್ತು. ಇಷ್ಟೊತ್ತು ಸರಿ ಇಲ್ಲ ಅಂತ ಕೂಗುತ್ತಿದ್ದವರು ನೀವು.

ಸುರತ್ಕಲ್ ಹಳಬ: ಸರಿ ಇದ್ದ ಆ ಒಂದು ಷರತ್ತು ಬರೆದವರು ಓದಿಕೊಂಡವರೇ. ನನ್ನ ವಾದವೂ ಅದೇ.

ಡಾಂಬರು ದಾಸ: ಬರೆದವರು ಲಾಯರ್‌ಗಳು. ಹುಡುಗನನ್ನು ಎಲ್‌ಎಲ್‌ಬಿಗೆ ಕಳಿಸಿ.