ಚಿಕ್ಕಪ್ಪ ಕಳಿಸಿದ ಬಿತ್ತನೆ ಪಟ್ಟಿ

ಮನೆಮಂದಿ ಗುಂಪು, ಗಣೇಶನ ಹಬ್ಬ ಕಳೆದ ವಾರ

ರಾಜಾಜಿನಗರ ಚಿಕ್ಕಪ್ಪ: (ಚಿತ್ರ: ಯಾವ ತಿಂಗಳಲ್ಲಿ ಯಾವ ತರಕಾರಿ) ಎಲ್ಲರೂ ಸೇವ್ ಮಾಡಿಟ್ಕೊಳ್ಳಿ. ಹೂಕೋಸು, ಕ್ಯಾರೆಟ್, ಬಟಾಣಿ ಹಾಕೋಕೆ ಅಕ್ಟೋಬರ್, ನವೆಂಬರ್ ಎರಡೇ ತಿಂಗಳು. ನಾನು ಮಾರ್ಚ್‌ನಲ್ಲಿ ಹಾಕಿದ್ದೆ, ಅದಕ್ಕೇ ಹೂಕೋಸು ಕೈಕೊಟ್ಟಿದ್ದು.

ಮೈಸೂರು ದೊಡ್ಡಮ್ಮ: ಒಳ್ಳೇದಾಯ್ತಪ್ಪ ಕಳಿಸಿದ್ದು.

ನಾನು: ಚಿಕ್ಕಪ್ಪ, ಈ ಪಟ್ಟಿ ನಮ್ಮ ಕಡೇದಲ್ಲ. ಕೆಳಗಡೆ ಸಾಲು ಓದಿ, ‘ಜನವರಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವುದರಿಂದ ಸಸಿಗೆ ರಾತ್ರಿ ಹುಲ್ಲು ಹೊದಿಸಿ’ ಅಂತಿದೆ. ಒಂದು ಕಡೆ ಬಟಾಣಿ ಅನ್ನೋ ಬದಲು ‘ಮಟರ್’ ಅಂತ ಹಾಗೇ ಉಳಿದಿದೆ. ದೆಹಲಿ ಕಡೆಯವರಿಗೆ ಮಾಡಿದ್ದನ್ನ ಯಾರೋ ಕನ್ನಡಕ್ಕೆ ಇಳಿಸಿದ್ದಾರೆ.

ಚಿಕ್ಕಪ್ಪ: ಎಲ್ಲಿದಾದ್ರೆ ಏನಮ್ಮ? ಗಿಡಕ್ಕೆ ದೆಹಲಿ ಬೇರೆ ಬೆಂಗಳೂರು ಬೇರೆ ಅಂತ ಇರುತ್ತಾ? ಚಳಿಗಾಲದ ತರಕಾರಿ ಅಂದ್ರೆ ಚಳಿಗಾಲದ್ದೇ.

ನಾನು: ಬೇರೇನೇ ಚಿಕ್ಕಪ್ಪ. ಅಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ, ಜನವರಿ ರಾತ್ರಿ 7–8ಕ್ಕೆ ಇಳಿಯುತ್ತೆ. ಅವರಿಗೆ ಸಿಗೋದು ಒಂದು ಕಿಂಡಿಯಷ್ಟು ಜಾಗ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಡಿಸೆಂಬರ್ ರಾತ್ರಿ 15–16, ಏಪ್ರಿಲ್ ಮಧ್ಯಾಹ್ನ 34ರ ಆಸುಪಾಸು. ಮೂಲಂಗಿ, ಬೀಟ್‌ರೂಟ್, ನವಿಲುಕೋಸಿಗೆ ಜೂನ್‌ನಿಂದ ಜನವರಿ ತನಕ ಬಾಗಿಲು ತೆರೆದೇ ಇರುತ್ತೆ. ಆ ಪಟ್ಟಿ ನಂಬ್ಕೊಂಡ್ರೆ ಅರ್ಧ ವರ್ಷ ಕುಂಡಗಳು ಸುಮ್ನೆ ಬಿದ್ದಿರ್ತವೆ. ನನಗೆ ಸಂಕಟ ಆಗೋದು ಅದಕ್ಕೇ.

ಚಿಕ್ಕಪ್ಪ: ಹಾಗಾದ್ರೆ ನನ್ನ ಹೂಕೋಸು ಯಾಕೆ ಬರಲಿಲ್ಲ? ಆನೆ ಕಿವಿಯಷ್ಟಗಲ ಎಲೆ ಬಿಡ್ತು, ಒಳಗೆ ಹೂವೇ ಇಲ್ಲ. ಮೂರು ತಿಂಗಳು ನೀರು ಹಾಕಿದ್ದೀನಿ, ಸುಮ್ನೆ ಅಲ್ಲ.

ನಾನು: ಬೀಜದ ಪ್ಯಾಕೆಟ್ ಇದ್ರೆ ಅದರ ಹೆಸರು ನೋಡಿ ಹೇಳಿ.

ಸನಿವೇಲ್ ಅಕ್ಕ: ಇಲ್ಲೂ ಇದೇ ಜಗಳ ಇದೆ. ಕ್ಯಾಲಿಫೋರ್ನಿಯಾ ಅಂದ್ರೆ ಎಲ್ಲರೂ ವರ್ಷವಿಡೀ ಬೆಳೀಬಹುದು ಅಂದ್ಕೊಳ್ತಾರೆ. ನಾನು ಕೋಸಿನ ಸಸಿ ಸೆಪ್ಟೆಂಬರ್‌ ಒಳಗೇ ನೆಡಬೇಕು. ತಡವಾದ್ರೆ ನವೆಂಬರ್ ಕೊನೆಗೆ ಹಗಲು ಹತ್ತು ಗಂಟೆಗೂ ಕಮ್ಮಿ ಆಗಿ, ಗಿಡ ಸಾಯೋದೂ ಇಲ್ಲ ಬೆಳೆಯೋದೂ ಇಲ್ಲ, ಫೆಬ್ರವರಿ ತನಕ ನಿಂತಲ್ಲೇ ನಿಂತಿರುತ್ತೆ. ಇಲ್ಲಿ ಚಳಿಗಿಂತ ಬೆಳಕಿನದೇ ಲೆಕ್ಕ.

ಚಿಕ್ಕಪ್ಪ: (ಚಿತ್ರ: ಖಾಲಿ ಪ್ಯಾಕೆಟ್) ಸ್ನೋಬಾಲ್ ಅಂತಿದೆ.

ನಾನು: ಅದೇ ನೋಡಿ. ಸ್ನೋಬಾಲ್ ಥರದ್ದು ಹೂ ಕಟ್ಟೋಕೆ 10ರಿಂದ 16 ಡಿಗ್ರಿ ಕೇಳುತ್ತೆ. ಬೆಂಗಳೂರಲ್ಲಿ ಡಿಸೆಂಬರ್‌ನಲ್ಲೂ ಅದಕ್ಕೆ ಪೂರ್ತಿ ಸಾಲಲ್ಲ, ನೀವು ಮಾರ್ಚ್‌ನಲ್ಲಿ ಹಾಕಿದ್ರಿ. ಬೇಗ ಬರೋ ಜಾತಿಗಳು 20ರಿಂದ 27 ಡಿಗ್ರಿಯಲ್ಲೂ ಹೂ ಕಟ್ಟುತ್ತವೆ. ಅಂಗಡಿಯವರು ಯಾವ ಜಾತಿ ಅಂತ ಹೇಳದೆ ಕೊಟ್ಟಿದ್ದಾರೆ. ನಿಮ್ಮ ಕೈ ತಪ್ಪಲ್ಲ ಚಿಕ್ಕಪ್ಪ. ಆದ್ರೆ ಬೇಗ ಬರೋ ಜಾತಿ ಸಸಿನ ಟ್ರೇನಲ್ಲಿ ಜಾಸ್ತಿ ದಿನ ಇಟ್ಕೋಬೇಡಿ. 25–30 ದಿನಕ್ಕೆ ಕಿತ್ತು ನೆಡದಿದ್ರೆ ಅಂಗಿ ಗುಂಡಿಯಷ್ಟು ಹೂ ಬಿಟ್ಟು ಅಲ್ಲಿಗೇ ಮುಗಿಯುತ್ತೆ.

ಚಿಕ್ಕಪ್ಪ: ಕ್ಯಾರೆಟ್ಟೂ ಹಾಗೇನಾ? ಅದೂ ಕವಲು ಕವಲಾಗಿ ಬಂತು.

ನಾನು: ಕ್ಯಾರೆಟ್ ಸಸಿ ಮಾಡಿ ನೆಟ್ರಾ?

ಚಿಕ್ಕಪ್ಪ: ಹೌದು. ಟೊಮೆಟೊ ಥರಾನೇ.

ನಾನು: ಕಿತ್ತಾಗ ತಾಯಿಬೇರಿನ ತುದಿ ಮುರಿಯುತ್ತೆ, ಅದಕ್ಕೇ ಕವಲು. ಎಲ್ಲಿ ಬೆಳೀಬೇಕೋ ಅಲ್ಲೇ ಬೀಜ ಉದುರಿಸಬೇಕು. ಕಲ್ಲು ಆಯ್ದ ಒಂದು ಅಡಿ ಆಳದ ಮಣ್ಣು, ಅದರ ಮೇಲೆ ಒದ್ದೆ ಗೋಣಿತಾಟು. ಮೊಳಕೆ ಹತ್ತು ಹನ್ನೆರಡು ದಿನ ತಗೊಳ್ಳುತ್ತೆ. ಐದನೇ ದಿನದಿಂದ ದಿನಾ ಬೆಳಿಗ್ಗೆ ತಾಟಿನ ಅಂಚು ಎತ್ತಿ ನೋಡಿ, ದಾರದೆಳೆಯಂಥ ಹಸಿರು ಕಂಡ ದಿನವೇ ತೆಗೆದುಬಿಡಿ. ಒಂದು ದಿನ ತಡವಾದ್ರೆ ಎಳೆ ಸಸಿ ತಾಟಿನ ನಾರಿಗೆ ಸಿಕ್ಕಿ ಕಿತ್ತು ಬರುತ್ತೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ, ಐಐಎಚ್‌ಆರ್‌ನವರ ಅರ್ಕಾ ಸೂರಜ್ ಅಂತ ಬೀಜ ಇದೆ, ನಮ್ಮ ಹವೆಗೇ ಮಾಡಿದ್ದು. ಬೆಟ್ಟದ ಚಳಿ ಇಲ್ಲದೇನೂ ಬೀಜ ಕಟ್ಟುತ್ತೆ.

ದೊಡ್ಡಮ್ಮ: ಎಲ್ಲಾ ಕಾಲದಲ್ಲೂ ಎಲ್ಲಾ ಬರುತ್ತೆ ಅಂತ ಹೇಳ್ಬೇಡ ಮಗಳೇ. ಈಗ ವರ್ಷಪೂರ್ತಿ ಅವರೆಕಾಯಿ ಸಿಗುತ್ತೆ, ಬಾಯಿಗಿಟ್ಟರೆ ಸಪ್ಪೆ. ಮಾಗಿ ಚಳಿಯ ಸೊಗಡವರೆ ಬಿಡಿಸಿದ್ರೆ ಬೆರಳಿಗೆ ಅಂಟು ಹತ್ತಿ, ಸೋಪು ಹಾಕಿ ತೊಳೆದ್ರೂ ರಾತ್ರಿ ತನಕ ವಾಸನೆ ಹೋಗ್ತಿರಲಿಲ್ಲ. ಹಿದುಕಿದ ಬೇಳೆ ಸಾರು ಮಾಡೋದು ಅದರಲ್ಲಿ.

ನಾನು: ಈ ಮಾತು ಪೂರ್ತಿ ಒಪ್ತೀನಿ ದೊಡ್ಡಮ್ಮ. ನಾಟಿ ಅವರೆ ಹಗಲು ಚಿಕ್ಕದಾದ್ರೇನೇ ಹೂ ಬಿಡೋದು. ಅರ್ಕಾ ಜಯ್ ಥರದ ಗಿಡ್ಡ ಅವರೆಗೆ ಆ ಕಟ್ಟಿಲ್ಲ, ಯಾವಾಗ ಹಾಕಿದ್ರೂ ಕಾಯಿ ಬಿಡುತ್ತೆ. ರುಚಿಗೆ ನಾಟೀನೇ ಸರಿ, ಅದನ್ನ ಕಾಲಕ್ಕೇ ಹಾಕಬೇಕು. ನಾನು ಹೇಳ್ತಿರೋದೂ ಅದೇ, ಒಂದೊಂದು ಬೀಜದ್ದೂ ಒಂದೊಂದು ಲೆಕ್ಕ, ಎಲ್ಲದಕ್ಕೂ ಎರಡು ತಿಂಗಳ ಬೇಲಿ ಹಾಕ್ಬೇಡಿ ಅಂತ.

ಅಕ್ಕ: ಕೋಸಿಗೆ ಹುಳ ಬಿದ್ರೆ ಏನು ಮಾಡ್ತೀಯಾ ಅಲ್ಲಿ?

ನಾನು: ಪಕ್ಕದಲ್ಲಿ ಒಂದು ಕುಂಡ ಸಾಸಿವೆ. ಆ ಹುಳ ಹುಟ್ಟಿಸೋ ಚಿಟ್ಟೆ ಮೊದಲು ಸಾಸಿವೆ ಮೇಲೇ ಮೊಟ್ಟೆ ಇಡುತ್ತೆ. ಕೋಸಿನ ಹೊಲದಲ್ಲಿ ರೈತರೂ ನಡುನಡುವೆ ಸಾಸಿವೆ ಸಾಲು ಹಾಕ್ತಾರೆ.

ಚಿಕ್ಕಪ್ಪ: ಸರಿ, ಬರೋ ಭಾನುವಾರ ಬಾ. ಬೀಜ ನೀನೇ ತಾ. ಗೋಣಿಚೀಲ ನನ್ನ ಹತ್ರ ಇದೆ.

ನಾನು: ಬರ್ತೀನಿ ಚಿಕ್ಕಪ್ಪ.

ಚಿಕ್ಕಪ್ಪ: ಈ ಪಟ್ಟಿ ಗುರ್ಗಾಂವ್ ಭಾವನಿಗೆ ಕಳಿಸಿದೆ. ಅವರ ಬಾಲ್ಕನಿಗೆ ಆಗುತ್ತೆ.