ತಿರುಗುವ ಬಾಹ್ಯಾಕಾಶ ಊರಿನಲ್ಲಿ ಕೈಲ್ ಮುಹೂರ್ತ: ನನ್ನ ಕಥೆಯ ಭೌತಶಾಸ್ತ್ರ ಎಲ್ಲಿ ತಪ್ಪಿದೆ?

ಹೂಮಳೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ಕೊಡಗಿನಿಂದ ಹೋಗಿ ಬಾಹ್ಯಾಕಾಶದಲ್ಲಿ ನೆಲೆಸಿದ ಕೆಲವು ಕುಟುಂಬಗಳ ಬಗ್ಗೆ ಕಥೆ ಬರೆಯುತ್ತಿದ್ದೇನೆ. ಊರು ಎಂದರೆ ತನ್ನಷ್ಟಕ್ಕೆ ತಿರುಗುವ ಒಂದು ಸಿಲಿಂಡರ್. ತಿರುಗುವುದರಿಂದ ಎಲ್ಲವೂ ಹೊರಕ್ಕೆ ಒತ್ತಿಕೊಳ್ಳುತ್ತದೆ, ಹಾಗಾಗಿ ಅದರ ಒಳಮೈಯೇ ನೆಲ. ತ್ರಿಜ್ಯ 30 ಮೀಟರ್, ಉದ್ದ 100 ಮೀಟರ್, ತೂಕ ಭೂಮಿಯಲ್ಲಿದ್ದಷ್ಟೇ. ಒಳಗೆ ನೆರಳು ಮರ, ಅದರಡಿ ಕಾಫಿ ತೋಟ.

ಮುಖ್ಯ ಘಟನೆಗಳು ನಾಲ್ಕು. ಕೊಡಗಿನ ಆಯುಧ ಹಬ್ಬವಾದ ಕೈಲ್ ಮುಹೂರ್ತದ ದಿನ 50 ಮೀಟರ್ ದೂರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಗುರಿ ತಪ್ಪಿದ ಒಂದು ಗುಂಡು ಹೊರಗೋಡೆಯನ್ನು ತೂತು ಮಾಡಿ ನಿಮಿಷಗಳಲ್ಲಿ ಗಾಳಿಯೆಲ್ಲ ಖಾಲಿಯಾಗುವುದು. ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ನಿಂದ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೊಡುವುದು. ಕೊನೆಗೆ ವಿದ್ಯುತ್ ಹೋಗಿ ಗುರುತ್ವ ಇಲ್ಲವಾಗಿ, ಕಣದಲ್ಲಿ ಒಣಗಲು ಹರಡಿದ ಕಾಫಿ ತೇಲಾಡುವುದು. ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದನ್ನು ಬಿಡಬೇಕು? ಲೆಕ್ಕ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಗಾಳಿಬೀಡು

ಮೊದಲು ತ್ರಿಜ್ಯ ಬದಲಿಸಿ, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ. 30 ಮೀಟರ್ ತ್ರಿಜ್ಯಕ್ಕೆ ಭೂಮಿಯಷ್ಟು ತೂಕ ಬೇಕಾದರೆ ಊರು ನಿಮಿಷಕ್ಕೆ ಐದೂವರೆ ಸುತ್ತು ಹಾಕಬೇಕು. ಆಗ ನೆಲದ ವೇಗ ಸೆಕೆಂಡಿಗೆ 17 ಮೀಟರ್. 60 ಕೆ.ಜಿ.ಯ ಹುಡುಗ ತಿರುಗುವ ದಿಕ್ಕಿಗೇ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡಿದರೆ ಕಾಲಿನ ಮೇಲೆ 100 ಕೆ.ಜಿ. ಬಿದ್ದ ಹಾಗಾಗುತ್ತದೆ. ಎದುರು ದಿಕ್ಕಿಗೆ ಓಡಿದರೆ 30 ಕೆ.ಜಿ. ಮಾತ್ರ. ಸುಮ್ಮನೆ ತಲೆ ಹೊರಳಿಸಿದರೂ ಒಳಕಿವಿ ಗಲಿಬಿಲಿಗೊಂಡು ವಾಕರಿಕೆ ಬರುತ್ತದೆ. ನಿಮಿಷಕ್ಕೆ 2 ಸುತ್ತಿನೊಳಗೆ ಇದ್ದರೆ ಹೆಚ್ಚಿನವರು ಹೊಂದಿಕೊಳ್ಳುತ್ತಾರೆ ಎಂಬುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ. 1975ರಲ್ಲಿ ನಾಸಾ ನಡೆಸಿದ ಅಧ್ಯಯನದ ಸ್ಟ್ಯಾನ್‌ಫರ್ಡ್ ಟೋರಸ್ ಇನ್ನೂ ಎಚ್ಚರಿಕೆಯದು: ವ್ಯಾಸ ಸುಮಾರು 1.8 ಕಿ.ಮೀ., ನಿಮಿಷಕ್ಕೆ ಒಂದೇ ಸುತ್ತು, ಹತ್ತು ಸಾವಿರ ಜನ.

ಲೆಕ್ಕ ಸುಲಭ. ನಿಮಿಷದ ಸುತ್ತುಗಳನ್ನು 0.105ರಿಂದ ಗುಣಿಸಿ, ಬಂದ ಸಂಖ್ಯೆಯ ವರ್ಗದಿಂದ 9.8ನ್ನು ಭಾಗಿಸಿ. ಸಿಗುವುದೇ ಮೀಟರ್ ಲೆಕ್ಕದ ತ್ರಿಜ್ಯ. ನಿಮ್ಮ ಕಥೆಗೆ 250 ಮೀಟರ್ ಸರಿಹೋಗುತ್ತದೆ: ನಿಮಿಷಕ್ಕೆ 1.9 ಸುತ್ತು, ನೆಲದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. ಉದ್ದ 100 ಮೀಟರ್ ಹಾಗೇ ಇಟ್ಟರೂ 39 ಎಕರೆ ನೆಲ ಸಿಗುತ್ತದೆ.

ಇನ್ನು ಸ್ಪರ್ಧೆ. ಕಥೆಯ ಜೀವ ಇರುವುದೇ ಇಲ್ಲಿ, ದಯವಿಟ್ಟು ಬಿಡಬೇಡಿ. .22 ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೋಗುತ್ತದೆ, 50 ಮೀಟರ್ ದಾಟಲು 0.15 ಸೆಕೆಂಡ್. ಅಷ್ಟರಲ್ಲಿ ಊರು ತಿರುಗಿರುತ್ತದೆ. ಗುಂಡು ನೇರವಾಗಿಯೇ ಹೋಗುತ್ತದೆ, ಗುರಿ ಸರಿದಿರುತ್ತದೆ. ಇದೇ ಕೊರಿಯೋಲಿಸ್ ಪರಿಣಾಮ. ತಿರುಗುವ ದಿಕ್ಕಿಗೆ ಹೊಡೆದರೆ ಗುಂಡು ಗುರಿಗಿಂತ 1.6 ಮೀಟರ್ ಕೆಳಗೆ ಹೋಗುತ್ತದೆ. ಎದುರು ದಿಕ್ಕಿಗೆ ಹೊಡೆದರೆ 1.4 ಮೀಟರ್ ಮೇಲೆ. ಸಿಲಿಂಡರಿನ ಉದ್ದಕ್ಕೆ, ಅಂದರೆ ಅಕ್ಷಕ್ಕೆ ಸಮಾನಾಂತರವಾಗಿ ಹೊಡೆದರೆ ಭೂಮಿಯಲ್ಲಿ ಆಗುವಷ್ಟೇ, 11 ಸೆಂ.ಮೀ. ಇಳಿತ. ಹಾಗಾಗಿ ಅಲ್ಲಿನವರು ಸ್ಪರ್ಧೆಯ ಮೈದಾನವನ್ನು ಉದ್ದಕ್ಕೇ ಹಾಕಿರುತ್ತಾರೆ.

ಆದರೆ ಕಾಯಿಯನ್ನು ಎತ್ತರದಲ್ಲಿ ಕಟ್ಟುವುದು ನಮ್ಮ ರೂಢಿ. ಅದು 20 ಮೀಟರ್ ಮೇಲಿದ್ದರೆ, ಮೈದಾನ ಉದ್ದಕ್ಕಿದ್ದರೂ ಗುಂಡು ತಿರುಗುವ ದಿಕ್ಕಿಗೆ 65 ಸೆಂ.ಮೀ. ಸರಿಯುತ್ತದೆ. ಕಾಯಿಯ ಅಗಲ ಒಂದು ಗೇಣೂ ಇರುವುದಿಲ್ಲ. ಕೊಡಗಿನಿಂದ ಬಂದ ಒಳ್ಳೆಯ ಗುರಿಕಾರ ಪ್ರತಿ ಸಲವೂ ಒಂದೇ ಬದಿಗೆ ತಪ್ಪುತ್ತಾನೆ. ಅಲ್ಲೇ ಹುಟ್ಟಿದ ಹುಡುಗಿ ಕಾಯಿಯ ಪಕ್ಕದ ಖಾಲಿ ಜಾಗಕ್ಕೆ ಕೋವಿ ಹಿಡಿದು ಮೊದಲ ಗುಂಡಿಗೇ ಒಡೆಯುತ್ತಾಳೆ. ಬೇರೆ ದೂರಗಳಿಗೆ ಸೂತ್ರ ಇದು: 0.2 (ಈ ಊರಿನ 1.9 ಸುತ್ತನ್ನು 0.105ರಿಂದ ಗುಣಿಸಿದ್ದು), ಅಕ್ಷಕ್ಕೆ ಅಡ್ಡವಾಗಿ ಗುಂಡು ಸಾಗಿದ ದೂರ, ಹಾರಾಟದ ಸೆಕೆಂಡುಗಳು, ಮೂರನ್ನೂ ಗುಣಿಸಿ.

ಪುಷ್ಪಗಿರಿ

ಹೂಮಳೆಯ ವಿಷಯ ಹೇಳುತ್ತೇನೆ. ಮಧ್ಯಮ ಗಾತ್ರದ ಹನಿ ಸೆಕೆಂಡಿಗೆ ಆರೇಳು ಮೀಟರ್ ವೇಗದಲ್ಲಿ ಬೀಳುತ್ತದೆ. ಈ ಊರಿನಲ್ಲಿ ಅದು ನೆಟ್ಟಗೆ ಬೀಳದು, ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುಮಾರು 15 ಡಿಗ್ರಿ ಓರೆಯಾಗುತ್ತದೆ. ಗಾಳಿ ಇಲ್ಲದ ದಿನವೂ ಹಾಗೆಯೇ. ಗಿಡದ ಒಂದು ಮಗ್ಗುಲು ಹೆಚ್ಚು ನೆನೆಯುತ್ತದೆ, ಆದ್ದರಿಂದ ಸ್ಪ್ರಿಂಕ್ಲರ್ ಜೆಟ್‌ಗಳನ್ನು ಒಂದು ಬದಿಗೆ ಸರಿಸಿ ನಿಲ್ಲಿಸಬೇಕು. 20 ಮೀಟರ್ ಎತ್ತರದ ಜಲಪಾತ ಬರೆಯುವ ಆಸೆಯಿದ್ದರೆ, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದಾಗ ನೀರು ಬುಡದಿಂದ 6 ಮೀಟರ್ ಆಚೆ ಬೀಳುತ್ತದೆ.

ಇದಕ್ಕಿಂತ ದೊಡ್ಡ ಸಮಸ್ಯೆ ನೀರಿನ ಭಾರ. ಒಂದು ಎಕರೆಗೆ ಒಂದು ಇಂಚು ಎಂದರೆ ಒಂದು ಲಕ್ಷ ಲೀಟರ್, 100 ಟನ್. ಹತ್ತು ಎಕರೆಗೆ 1,000 ಟನ್. ಒಂದು ಮೀಟರ್ ಮಣ್ಣು, ಉಕ್ಕಿನ ಗೋಡೆ ಸೇರಿ ಊರಿನ ಒಟ್ಟು ಭಾರ ಸುಮಾರು 5 ಲಕ್ಷ ಟನ್ ಎಂದು ಇಟ್ಟುಕೊಳ್ಳಿ. ಒಂದೇ ಬದಿಗೆ 1,000 ಟನ್ ಸುರಿದರೆ ತಿರುಗುವ ಕೇಂದ್ರ ಅರ್ಧ ಮೀಟರ್ ಸರಿಯುತ್ತದೆ. ನೀರನ್ನು ನೇರ ಎದುರು ಬದಿಯ ಟ್ಯಾಂಕಿನಿಂದ ಎತ್ತಿದ್ದರೆ ಒಂದು ಮೀಟರ್. ನಡು ಅಕ್ಷದಲ್ಲಿ ನೌಕೆ ಬಂದು ಕೂಡಿಕೊಳ್ಳುವ ಹೊತ್ತಿಗೆ ಹೀಗಾದರೆ ಅಪಘಾತ ಖಂಡಿತ. ಅದಕ್ಕೇ ಎದುರುಬದುರಿನ ಎರಡು ತೋಟಗಳಿಗೆ ಒಟ್ಟಿಗೇ ನೀರು ಬಿಡಬೇಕು. ಒಬ್ಬರು ಹಟ ಹಿಡಿದು ತಮ್ಮ ತೋಟಕ್ಕೆ ಮೊದಲು ಬಿಟ್ಟುಕೊಂಡರೆ ಏನಾಗುತ್ತದೆ ಎಂಬುದೇ ಒಂದು ಅಧ್ಯಾಯ.

ಇನ್ನೊಂದು ಮಾತು: ರೋಬಸ್ಟಾ ಹಾಕಿದ್ದರೆ ಪರಾಗಸ್ಪರ್ಶಕ್ಕೆ ಗಾಳಿ, ಜೇನು ಬೇಕೇ ಬೇಕು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ.

ಕುಶಾಲನಗರ ಮೇಷ್ಟ್ರು

ಉಳಿದ ಎರಡು ಘಟನೆಗಳು ಈಗಿರುವ ಹಾಗೆ ನಿಲ್ಲುವುದಿಲ್ಲ.

ಗೋಡೆಯ ತೂತು: ಮಣ್ಣಿನ ಭಾರಕ್ಕಿಂತ ಒಳಗಿನ ಗಾಳಿಯ ಒತ್ತಡವೇ ಗೋಡೆಯನ್ನು ಹೆಚ್ಚು ಎಳೆಯುತ್ತದೆ. ಮಣ್ಣಿನದು ಚದರ ಮೀಟರಿಗೆ ಒಂದೂವರೆ ಟನ್, ಗಾಳಿಯದು ಹತ್ತು ಟನ್. ಇದನ್ನೆಲ್ಲ ತಡೆಯಲು ಸುಮಾರು 20 ಸೆಂ.ಮೀ. ದಪ್ಪದ ಉಕ್ಕು ಬೇಕು. .22 ಗುಂಡು ಅದರ ಮೇಲೆ ಚಪ್ಪಟೆಯಾಗುತ್ತದೆ, ಅಷ್ಟೇ. ಕಿಟಕಿಯೊಂದರಲ್ಲಿ 1 ಚದರ ಸೆಂ.ಮೀ. ತೂತು ಬಿತ್ತು ಎಂದುಕೊಂಡರೂ ಸೆಕೆಂಡಿಗೆ 24 ಗ್ರಾಂ ಗಾಳಿ ಹೋಗುತ್ತದೆ, ದಿನಕ್ಕೆ ಎರಡು ಟನ್. ಒಳಗಿರುವುದು 24,000 ಟನ್. ಒತ್ತಡ ಮೂರನೇ ಒಂದಕ್ಕೆ ಇಳಿಯಲು ಸುಮಾರು ಮೂವತ್ತೈದು ವರ್ಷ ಬೇಕು.

ವಿದ್ಯುತ್: ಊರನ್ನು ತಿರುಗಿಸುತ್ತಿರುವುದು ಮೋಟರ್ ಅಲ್ಲ. ಒಮ್ಮೆ ತಿರುಗಿಸಿಬಿಟ್ಟರೆ ನಿರ್ವಾತದಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಬೇಕೆಂದೇ ನಿಲ್ಲಿಸಲು ಅಂಚಿನಲ್ಲಿ ಒಟ್ಟು ಒಂದು ಲಕ್ಷ ನ್ಯೂಟನ್ ಬಲದ ಎಂಜಿನ್‌ಗಳನ್ನು ಹಚ್ಚಿದರೂ ಮೂರು ದಿನ ಹಿಡಿಯುತ್ತದೆ. ಜಲಜನಕ, ಆಮ್ಲಜನಕದ ರಾಕೆಟ್ ಆದರೆ 5,500 ಟನ್ ಇಂಧನ ಸುಡಬೇಕು. ವಿದ್ಯುತ್ ಹೋದರೆ ನಿಜವಾಗಿ ಕೆಡುವುದು ಶಾಖದ ವ್ಯವಸ್ಥೆ. ಬೆಳಕಿಗಾಗಿ ಊರಿನ ಹೊರಗೆ ಹಾಕಿದ ಕನ್ನಡಿಗಳು ಬಿಸಿಲನ್ನು ಒಳಗೆ ಕಳಿಸುತ್ತಲೇ ಇರುತ್ತವೆ. ಶಾಖವನ್ನು ಹೊರಗಿನ ವಿಕಿರಕ ಫಲಕಗಳಿಗೆ ಒಯ್ಯುವ ಪಂಪ್ ನಿಂತಿರುತ್ತದೆ. ಚದರ ಮೀಟರಿಗೆ 300 ವಾಟ್ ಬಿಸಿಲು ಎಂದರೆ ಒಟ್ಟು 47 ಮೆಗಾವಾಟ್. ಗಾಳಿಯೊಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಸುಮಾರು ಆರು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಮಣ್ಣು, ನೀರು ಹೀರಿಕೊಳ್ಳುವುದರಿಂದ ಇದಕ್ಕಿಂತ ನಿಧಾನ, ಆದರೆ ಏರಿಕೆ ನಿಲ್ಲುವುದಿಲ್ಲ. ಅರೇಬಿಕಾಕ್ಕೆ 30 ಡಿಗ್ರಿ ದಾಟಿದರೆ ಕಷ್ಟ. ಯಾರಾದರೂ ಹೊರಗೆ ಹೋಗಿ ಕನ್ನಡಿಗಳನ್ನು ಕೈಯಿಂದಲೇ ತಿರುಗಿಸಬೇಕು. ತೇಲುವ ಕಾಫಿಗಿಂತ ಇದು ಗಟ್ಟಿ ಘಟನೆ.

ಹೂಮಳೆ (ವಿರಾಜಪೇಟೆ)

ಮೂವರಿಗೂ ತುಂಬಾ ಧನ್ಯವಾದ. ತೂತಿನ ಘಟನೆ ತೆಗೆದು ಕನ್ನಡಿಯದನ್ನು ಹಾಕುತ್ತೇನೆ. ಒಂದೇ ಸಂದೇಹ: ಹುಡುಗಿ ಕೋವಿಯನ್ನು ಎಡಕ್ಕೆ ಹಿಡಿಯಬೇಕೋ ಬಲಕ್ಕೋ? ಮನೆಯೊಳಗಿನ ಸಣ್ಣ ಕೆಲಸಗಳಲ್ಲೂ ಇದು ಕಾಣುತ್ತದೆಯೇ?

ಗಾಳಿಬೀಡು

ಅವಳು ಯಾವ ತುದಿಗೆ ಮುಖ ಮಾಡಿದ್ದಾಳೆ ಎಂಬುದರ ಮೇಲೆ ಹೋಗುತ್ತದೆ. ತಿರುಗುವ ದಿಕ್ಕು ಅವಳ ಬಲಕ್ಕಿದ್ದರೆ ಗುಂಡು ಬಲಕ್ಕೆ ಸರಿಯುತ್ತದೆ, ಕೋವಿ 65 ಸೆಂ.ಮೀ. ಎಡಕ್ಕೆ. ಅದೇ ಮೈದಾನದ ಇನ್ನೊಂದು ತುದಿಯಿಂದ ಹೊಡೆದರೆ ಎಡಬಲ ಅದಲುಬದಲು. ಬರೆಯಲು ಕೂರುವ ಮೊದಲು ಊರಿನ ನಕ್ಷೆ ಬಿಡಿಸಿ, ತಿರುಗುವ ದಿಕ್ಕಿಗೆ ಬಾಣ ಹಾಕಿ, ಪ್ರತಿ ಮನೆಯ ಬಾಗಿಲು ಯಾವ ಕಡೆಗೆ ಎಂದು ಗುರುತು ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಮೂರನೇ ಅಧ್ಯಾಯಕ್ಕೇ ದಿಕ್ಕು ತಪ್ಪುತ್ತದೆ.

ಮನೆಯೊಳಗೂ ಕಾಣುತ್ತದೆ. ಎರಡು ಮೀಟರ್ ಎತ್ತರದ ಅಟ್ಟದಿಂದ ಬಿದ್ದ ಚೊಂಬು 17 ಸೆಂ.ಮೀ. ಪಕ್ಕಕ್ಕೆ ಬೀಳುತ್ತದೆ, ತಿರುಗುವ ದಿಕ್ಕಿನ ಎದುರಿಗೆ. 30 ಸೆಂ.ಮೀ. ಮೇಲಿನಿಂದ ಹೊಯ್ದ ಕಾಫಿ ಒಂದು ಸೆಂ.ಮೀ. ಸರಿಯುತ್ತದೆ. ಹೊಸದಾಗಿ ಬಂದವರ ಲೋಟದ ಅಂಚಿಗೆ ಅದು ತಗಲುತ್ತದೆ, ಅಲ್ಲಿನವರು ಕೈಯನ್ನು ಅಷ್ಟು ವಾರೆ ಹಿಡಿದೇ ಹೊಯ್ಯುತ್ತಾರೆ.