ಅಪ್‌ಡೇಟ್: ಫಾರ್ಮ್ ಕ್ಯಾಬಿನ್‌ನ ಒಲೆ ಹೊಗೆ ಕೊನೆಗೂ ನಿಂತಿತು

ರಜೆಗೆ ಬಂದ ಫಾರ್ಮ್‌ನ ಮರದ ಕ್ಯಾಬಿನ್‌ನಲ್ಲಿ ಕಟ್ಟಿಗೆ ಒಲೆ ಹಚ್ಚಿದರೆ ಹೊಗೆಯೆಲ್ಲ ಕೋಣೆಗೇ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು.

ಕೆಲಸಕ್ಕೆ ಬಂದದ್ದು 'ಮೊದಲು ಚಿಮಣಿ ಬಿಸಿ ಮಾಡಿ' ಎಂಬ ಸಲಹೆ. ಕ್ಯಾಬಿನ್ ಖಾಲಿ ಬಿದ್ದಿದ್ದಾಗ ಚಿಮಣಿಯೊಳಗೆ ತಣ್ಣನೆ ಗಾಳಿ ತುಂಬಿಕೊಳ್ಳುತ್ತದೆ. ಅದು ಭಾರ, ಹೊಗೆಯನ್ನು ಮೇಲಕ್ಕೆ ಬಿಡುವುದಿಲ್ಲ. ಪೇಪರ್ ಸುರುಳಿ ಸುತ್ತಿ ಚಿಮಣಿ ಬಾಯಿಯ ಹತ್ತಿರ ಉರಿಸಿದೆ, ಪಕ್ಕದ ಕಿಟಕಿ ಒಂಚೂರು ತೆರೆದಿಟ್ಟೆ. ಗಾಳಿ ಮೇಲಕ್ಕೆ ಎಳೆಯತೊಡಗಿತು. ಆಮೇಲೆ ದಪ್ಪ ಕಟ್ಟಿಗೆ ಕೆಳಗೆ, ಸಣ್ಣ ಚಕ್ಕೆ ಮೇಲೆ ಜೋಡಿಸಿ ಮೇಲಿನಿಂದ ಹಚ್ಚಿದೆ. ಹೊಗೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ!

ಉಳಿದ ಸಲಹೆಗಳು ಕೆಲಸಕ್ಕೆ ಬರಲಿಲ್ಲ. ಬರೀ ಕಿಟಕಿ ತೆರೆದಾಗ ಚಳಿ ಒಳಗೆ ಬಂತೇ ಹೊರತು ಹೊಗೆ ಹೊರಗೆ ಹೋಗಲಿಲ್ಲ. ಡ್ಯಾಂಪರ್ (ಚಿಮಣಿಯೊಳಗೆ ಗಾಳಿ ಹೆಚ್ಚುಕಮ್ಮಿ ಮಾಡುವ ಮುಚ್ಚಳ) ಮೊದಲೇ ಪೂರ್ತಿ ತೆರೆದಿತ್ತು. ಸೀಮೆಎಣ್ಣೆ ಸುರಿಯಿರಿ ಅಂದವರಿಗೆ ದೂರದಿಂದಲೇ ನಮಸ್ಕಾರ.

ಗೊತ್ತೇ ಇರದಿದ್ದ ವಿಷಯ ಹೇಳಿದ್ದು ಫಾರ್ಮ್ ಯಜಮಾನರು. ಎರಡು ಕಟ್ಟಿಗೆ ತುಂಡು ಒಂದಕ್ಕೊಂದು ಬಡಿದು ತೋರಿಸಿದರು. ಒಣಗಿದ್ದು ಠಣ್ ಅನ್ನುತ್ತದೆ, ಹಸಿಯದು ಧಬ್. ಒಲೆಗೆ ಹಾಕುವ ಕಟ್ಟಿಗೆಯಲ್ಲಿ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕಂತೆ. ಅಂಗಳದ ರಾಶಿಯಲ್ಲಿ ಎರಡೂ ಬೆರೆತಿದ್ದವು, ಆರಿಸಿಕೊಳ್ಳಬೇಕು ಅಷ್ಟೇ.

ಇನ್ನೊಂದು: ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ಕಾಣದಿದ್ದರೂ ಅದು ಇರಬಹುದು. ಅದರ ಅಲಾರ್ಮ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಹಾಗೇ, ಬೆಳಗ್ಗೆ ತಡವಾಗಿ ಏಳುವ ಆಸೆ ಇದ್ದರೆ ಕೊಟ್ಟಿಗೆಯಿಂದ ದೂರ ಇರುವ ಕ್ಯಾಬಿನ್ ಕೇಳಿ. ಹಾಲು ಕರೆಯುವ ಗಲಾಟೆ ಬೆಳಕು ಹರಿಯುವ ಮೊದಲೇ ಶುರು.